ಬೀಗರು ಮುಂದೆ ಹೋಗಲಿ

ಯಂತ್ರ ಕೆಟ್ಟರೆ ನನಗೆ ಸಿಟ್ಟು ಬರುವುದಿಲ್ಲ. ಯಂತ್ರ ಕೆಡಲಿಕ್ಕೆ ಒಂದು ಕಾರಣ ಇರುತ್ತದೆ, ಬಿಚ್ಚಿ ನೋಡಿದರೆ ಸಿಗುತ್ತದೆ. ನನಗೆ ಸಿಟ್ಟು ಬರುವುದು ಮನುಷ್ಯರ ಮೇಲೆ, ಅದರಲ್ಲೂ ಮರ್ಯಾದಸ್ಥ ಮನುಷ್ಯರ ಮೇಲೆ. ವರ್ಷಗಟ್ಟಲೆ ದುಡಿದು ನಾನು ಹದಕ್ಕೆ ತಂದ ಕೆಲಸವನ್ನು ಇಬ್ಬರು ಮರ್ಯಾದಸ್ಥರು ಸೇರಿ ಒಂದು ಶನಿವಾರ ಮಧ್ಯಾಹ್ನ ಹೇಗೆ ಮಣ್ಣುಪಾಲು ಮಾಡಿದರು ಎಂದು ಕೇಳಿದರೆ ನೀವೂ ಹಣೆ ಚಚ್ಚಿಕೊಳ್ಳುತ್ತೀರಿ. ಅವರಲ್ಲಿ ಒಬ್ಬ ನನ್ನ ಹೆತ್ತ ಅಪ್ಪ, ಇನ್ನೊಬ್ಬರು ನನ್ನ ಗಂಡನ ಅಪ್ಪ.

ಮೊದಲು ನನ್ನ ಕೆಲಸದ ವಿಷಯ ಹೇಳಿಬಿಡುತ್ತೇನೆ. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಕೈ ನಡುಗುವವರಿಗಾಗಿ ಒಂದು ಪಟ್ಟಿ ತಯಾರಿಸುತ್ತೇವೆ. ಗಡಿಯಾರದ ಪಟ್ಟಿಗಿಂತ ಸ್ವಲ್ಪ ಅಗಲ, ಮುಂಗೈಗೆ ಸುತ್ತಿಕೊಳ್ಳುವಂಥದ್ದು. ಮಿದುಳಿನಿಂದ ಬೆರಳಿಗೆ ಹೋಗುವ ಸಂದೇಶವನ್ನು ಅದು ನಡುದಾರಿಯಲ್ಲೇ ಓದುತ್ತದೆ. ಅದರೊಳಗೆ ಸೇರಿಕೊಂಡ ನಡುಕವನ್ನು ಆರಿಸಿ, ಸ್ನಾಯುವಿಗೆ ಎದುರು ದಿಕ್ಕಿನ ಸಣ್ಣ ಮಿಡಿತ ಕೊಟ್ಟು ಅಳಿಸಿಹಾಕುತ್ತದೆ. ಕೇಳಲಿಕ್ಕೆ ಸುಲಭ. ಆದರೆ ಯಾವುದು ನಡುಕ, ಯಾವುದು ಆ ಮನುಷ್ಯನ ಸ್ವಂತ ಚಲನೆ ಎಂದು ಪಟ್ಟಿಗೆ ತಿಳಿಯಬೇಕಾದರೆ ಅವನದೇ ನೆಟ್ಟನೆಯ ಕೈಯ ಮಾದರಿಯೊಂದು ಬೇಕು. ಕಾಲು ಗಂಟೆಯಷ್ಟಾದರೂ ಎಡೆಬಿಡದೆ ಬರೆದುಕೊಂಡ ಮಾದರಿ. ಬೇರೆಯವರ ಕೈಯ ಮಾದರಿ ಹಾಕಿದರೆ ಬೆರಳುಗಳು ಮರಗಟ್ಟಿ ನಿಲ್ಲುತ್ತವೆ. ನಮ್ಮ ಹತ್ತಿರ ಬರುವವರೋ ಕೈ ನಡುಗಲು ಶುರುವಾದ ಮೇಲೆಯೇ ಬರುತ್ತಾರೆ. ಕೈ ಗಟ್ಟಿಯಿದ್ದಾಗ ಯಾರು ತಾನೇ ಬಂದು 'ನನ್ನ ಕೈ ಬರೆದಿಟ್ಟುಕೊಳ್ಳಿ' ಅನ್ನುತ್ತಾರೆ?

ನನ್ನ ಅಪ್ಪನೂ ಹಾಗೆಯೇ ತಡ ಮಾಡಿದ. ಮುರಿಗೆಪ್ಪ ಹೊಸಮನಿ ಎಂದರೆ ಹುಬ್ಬಳ್ಳಿಯಲ್ಲಿ ಮೋಟಾರು ವೈಂಡಿಂಗ್ ಮಾಡುವವರಿಗೆಲ್ಲ ಗೊತ್ತು. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಕಣ್ಣು ಮುಚ್ಚಿ ಸುತ್ತುತ್ತಿದ್ದ ಕೈ ಅದು. ಪಾರ್ಕಿನ್ಸನ್ ಬಂದು ಈಗ ಚಹಾದ ಕಪ್ಪು ಹಿಡಿದರೆ ಅರ್ಧ ಚಹಾ ಬಸಿಗೆ, ಕಾಲು ಭಾಗ ಅಂಗಿಗೆ. ಔಷಧಿ ಒಂದಿಷ್ಟು ದಿನ ನಾಟಿತು, ಆಮೇಲೆ ಇಲ್ಲ. ಅಪ್ಪ ಯಾರಿಗೂ ಏನೂ ಹೇಳದೆ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣಲು ಶುರುಮಾಡಿದ. ಎರಡು ವರ್ಷದಿಂದ ಅವನು ಅವ್ವನನ್ನು ಬಿಟ್ಟು ಬೇರೆ ಯಾರ ಎದುರಿಗೂ ಒಂದು ತುತ್ತು ಬಾಯಿಗಿಟ್ಟಿಲ್ಲ. ಮಂದಿಗೆ ಊಟ ಹಾಕುವುದೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ಮನೆಗೆ ಬಂದವರಿಗೆ ತಾನೇ ನಿಂತು ಬಡಿಸದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ನನಗೆ ಬೇಕಾದದ್ದು ಇಷ್ಟೇ: ಆ ಅಡುಗೆಮನೆಯ ಬಾಗಿಲು ತೆರೆಯಬೇಕು.

ದಾರಿ ತೋರಿಸಿದ್ದು ಅಪ್ಪನ ಇನ್ನೊಂದು ಹುಚ್ಚು. ರಸ್ತೆಯ ಮೇಲಿನ ಗಾಡಿಗಳಿಂದ ಸ್ಟೀರಿಂಗ್ ತೆಗೆದುಹಾಕಿ, ಎಲ್ಲವೂ ತಾವೇ ಓಡುವ ಕಾಲ ಬಂದಮೇಲೆ, ಸ್ಟೀರಿಂಗ್ ಹಿಡಿಯಲು ಕೈ ತುರಿಸುವವರೆಲ್ಲ ರೇಸಿನ ಮೈದಾನ ಹಿಡಿದರು. ಅಣ್ಣಿಗೇರಿಯ ಆಚೆ ಎರೆಮಣ್ಣಿನ ಬಯಲಿನಲ್ಲೂ ಒಂದು ಸರ್ಕ್ಯೂಟ್ ಎದ್ದಿತು. ಅಲ್ಲಿ ಗ್ರ್ಯಾಂಡ್ ಟೂರರ್ ಕಾರುಗಳ ಪಂದ್ಯ. ಉದ್ದ ಮೂತಿಯ, ಎರಡು ಬಾಗಿಲಿನ, ನೋಡಲಿಕ್ಕೆ ಸಾಹುಕಾರರ ಕಾರಿನಂತಿದ್ದು ಒಳಗೆ ಒಂದು ಸೀಟು, ಕಬ್ಬಿಣದ ಪಂಜರ ಬಿಟ್ಟು ಬೇರೇನೂ ಇಲ್ಲದ ಗಾಡಿಗಳು. ಒಂದು ವಾರಾಂತ್ಯಕ್ಕೆ ಎರಡು ರೇಸು, ಶನಿವಾರ ಒಂದು, ಭಾನುವಾರ ಒಂದು. ಪ್ರತಿ ಕಾರಿಗೆ ಇಬ್ಬರು ಚಾಲಕರು, ಒಬ್ಬ ವೃತ್ತಿಯವ, ಒಬ್ಬ ಹವ್ಯಾಸಿ. ರೇಸಿನ ನಡುವೆ ಕಾರು ನಿಲ್ಲಿಸಿ ಚಾಲಕರು ಬದಲಾಗಬೇಕು. ಶನಿವಾರ ಹವ್ಯಾಸಿ ಮೊದಲರ್ಧ, ಭಾನುವಾರ ಎರಡನೆಯ ಅರ್ಧ.

ಚಮಚೆ ಹಿಡಿಯಲಾರದ ಅಪ್ಪನ ಕೈ ರೇಸಿನಲ್ಲಿ ನಡುಗುತ್ತಿರಲಿಲ್ಲ. ಇದೇನು ಪವಾಡ ಅಲ್ಲ, ವೈದ್ಯರಿಗೆ ಗೊತ್ತಿರುವ ಸಂಗತಿಯೇ. ಹೆಜ್ಜೆ ಕಿತ್ತಿಡಲಾರದ ರೋಗಿ ಮನೆಗೆ ಬೆಂಕಿ ಬಿದ್ದಾಗ ಎದ್ದು ಓಡಿಬಿಡುವುದುಂಟು. ಪ್ರಾಣದ ತುರ್ತು ಬಂದಾಗ ಮಿದುಳು ಹಾಳಾದ ದಾರಿಯನ್ನು ಬಿಟ್ಟು ಬೇರೊಂದು ದಾರಿ ಹಿಡಿಯುತ್ತದೆ. ಅಪ್ಪ ಒಬ್ಬನೇ ಅಭ್ಯಾಸ ಮಾಡುವಾಗ ಕೈ ನಡುಗುತ್ತಿತ್ತು. ಪ್ರಯೋಗಾಲಯದಲ್ಲಿ ಪರದೆಯ ಮುಂದಿನ ಆಟದ ಕಾರಿನಲ್ಲಿ ಕೂರಿಸಿದರೂ ನಡುಗುತ್ತಿತ್ತು, ದೇಹಕ್ಕೆ ಅದು ಸುಳ್ಳು ಎಂದು ಗೊತ್ತು. ನಿಜವಾದ ರೇಸಿನಲ್ಲಿ, ಪಕ್ಕದಲ್ಲಿ ಇನ್ನೊಂದು ಕಾರು ಹಲ್ಲು ಕಡಿಯುತ್ತಿರುವಾಗ ಮಾತ್ರ ಆ ಕೈ ಹಳೆಯ ಕೈ ಆಗುತ್ತಿತ್ತು. ಆ ಕೈಯನ್ನು ಅಲ್ಲೇ ಬರೆದುಕೊಳ್ಳಬೇಕು ಎಂದು ನಾನು ನಿಶ್ಚಯಿಸಿದೆ.

ಅನುಮತಿ ಸಿಕ್ಕಿದ್ದು ಒಂದೇ ವಾರಾಂತ್ಯಕ್ಕೆ. ಅದಾದಮೇಲೆ ಅಪ್ಪನ ಲೈಸೆನ್ಸ್ ರದ್ದು. ಕೈ ತಪ್ಪಿದರೆ ಕಾರನ್ನು ತಾನೇ ಹಿಡಿದು ನಿಲ್ಲಿಸುವ ಕಾವಲು ಯಂತ್ರ ಇರಬೇಕು, ಮುಂಗೈಯ ಪಟ್ಟಿ ಕಳಿಸುವ ನಡುಕದ ಗೆರೆಯನ್ನು ಪರದೆಯ ಮೇಲೆ ನೋಡುವ ಇಂಜಿನಿಯರು ನಿಯಂತ್ರಣ ಕೊಠಡಿಯಲ್ಲಿ ಕೂತಿರಬೇಕು, ಅವಳ ಮುಂದೆ ಕೆಂಪು ಗುಂಡಿ ಇರಬೇಕು ಎಂದೆಲ್ಲ ಷರತ್ತು. ಆ ಇಂಜಿನಿಯರು ನಾನೇ, ಶಾಲ್ಮಲಾ. ಇನ್ನು ಯಾರು ಕೂರುತ್ತಾರೆ?

ಎಲ್ಲ ಸರಿಯಾಗಿತ್ತು. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ನನ್ನ ಮಾವನನ್ನು. ಗದಗಿನ ಅಂದಾನೆಪ್ಪ ಬಳಿಗಾರರು, ಎಣ್ಣೆ ಗಿರಣಿಯ ಮಾಲೀಕರು. ನನ್ನ ಮದುವೆಯಾದ ಮರುವರ್ಷ ಅಪ್ಪನೇ ಅವರನ್ನು ರೇಸು ನೋಡಲು ಕರೆದುಕೊಂಡು ಹೋದ. ಅವರಿಗೂ ಹುಚ್ಚು ಹತ್ತಿತು, ಅರಿಸಿನ ಬಣ್ಣದ ಕಾರೊಂದನ್ನು ಕೊಂಡರು. ಅಂದಿನಿಂದ ಬೀಗರಿಬ್ಬರೂ ಒಂದೇ ಪಂದ್ಯದಲ್ಲಿ, ಹೆಚ್ಚಾಗಿ ಕೊನೆಯ ಸಾಲಿನಲ್ಲಿ ಅಕ್ಕಪಕ್ಕ.

ಶನಿವಾರ ರೇಸು ಶುರುವಾಯಿತು. ಕೊಠಡಿಯಲ್ಲಿ ನನ್ನ ಪಕ್ಕ ರೇಸ್ ನಿರ್ದೇಶಕ ಕುಶಾಲಪ್ಪ ಕೂತಿದ್ದರು, ಮಡಿಕೇರಿ ಕಡೆಯವರು, ನೇರ ಮಾತಿನ ಮನುಷ್ಯ. ಬಾವುಟ ಇಳಿದದ್ದೇ ತಡ, ನನ್ನ ಪರದೆಯ ಮೇಲೆ ಗರಗಸದಂತೆ ಏರಿಳಿಯುತ್ತಿದ್ದ ಗೆರೆ ಸಪಾಟಾಯಿತು. ಅಪ್ಪನ ಕೈ! ನನಗೆ ಅಳುವೇ ಬಂತು. ಒಂದು ಸುತ್ತು, ಎರಡು ಸುತ್ತು, ಗೆರೆ ಕದಲಲಿಲ್ಲ.

ಮೂರನೆಯ ಸುತ್ತಿನಲ್ಲಿ ಕೆರೆಯ ಪಕ್ಕದ ತಿರುವಿಗೆ ಬರುವಾಗ ಅಪ್ಪನ ಕನ್ನಡಿಯಲ್ಲಿ ಅರಿಸಿನ ಬಣ್ಣದ ಕಾರು ಕಾಣಿಸಿಕೊಂಡಿತು. ನಮ್ಮಪ್ಪ ಏನು ಮಾಡಬೇಕು? ಅಡ್ಡ ಹಾಕಬೇಕು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ. ಕಾರನ್ನು ಅಂಚಿಗೆ ಸರಿಸಿದ. ಬಾಗಿಲಲ್ಲಿ ನಿಂತು ಹಿರಿಯರನ್ನು ಒಳಗೆ ಬಿಡುವವರಂತೆ, ಎಡಗಡೆಯ ದೀಪ ಮಿನುಗಿಸಿ ದಾರಿ ತೋರಿಸಿದ. ನನ್ನ ಗೆರೆ ಎದ್ದು ಕುಣಿಯಿತು.

ಸರಿ, ಮಾವ ಮುಂದೆ ಹೋದರೆ ಅಪ್ಪ ಮತ್ತೆ ಬೆನ್ನು ಹತ್ತುತ್ತಾನೆ, ಕೈ ಮತ್ತೆ ನೆಟ್ಟಗಾಗುತ್ತದೆ ಎಂದುಕೊಂಡೆ. ಮಾವ ಮುಂದೆ ಹೋದರೆ ತಾನೇ! ಅವರೂ ಕಾಲು ತೆಗೆದರು. ಅವರೂ ಅಂಚಿಗೆ ಸರಿದರು. ಅವರೂ ದೀಪ ಮಿನುಗಿಸಿದರು. ಬಿರುಗಾಳಿಯಂತೆ ಓಡಬೇಕಾದ ಎರಡು ಕಾರುಗಳು ತಿರುವಿನಲ್ಲಿ ಎತ್ತಿನ ಗಾಡಿಯ ವೇಗದಲ್ಲಿ ಅಕ್ಕಪಕ್ಕ ತೆವಳುತ್ತ, ಒಳಗಿನಿಂದ ಇಬ್ಬರೂ ಕೈ ಬೀಸುತ್ತ 'ನೀವ ಮೊದ್ಲ, ನೀವ ಮೊದ್ಲ' ಎನ್ನುತ್ತಿದ್ದದ್ದು ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಂಡಿತು. ಉಳಿದ ಕಾರುಗಳೆಲ್ಲ ಸುತ್ತು ಮುಗಿಸಿ ಬಂದು ಅವರನ್ನು ದಾಟಿದವು.

ಕುಶಾಲಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ ಮೇಡಂ ಇದು, ರೇಸೋ ಮದ್ವೆ ಮನೆಯೋ? ಇವ್ರಿಗೆ ಏನಾದ್ರೂ ಕಾಯ್ಲೆನಾ?"

"ಒಬ್ಬರಿಗೆ ಕಾಯಿಲೆ ಇದೆ ಸಾರ್. ಇದು ಅದಲ್ಲ. ಇದು ಬೀಗತನ," ಅಂದೆ.

ನಿಧಾನವಾಗಿ ಓಡಿಸಿದ್ದಕ್ಕೆ ಇಬ್ಬರಿಗೂ ಎಚ್ಚರಿಕೆಯ ಕಪ್ಪು-ಬಿಳಿ ಬಾವುಟ ತೋರಿಸಿದರು. ಬಾವುಟ ನೋಡಿ ಸ್ವಲ್ಪ ಓಡಿದರು, ಮತ್ತೆ ಯಾವುದೋ ತಿರುವಿನಲ್ಲಿ ಎದುರುಬದುರಾದರು, ಮತ್ತೆ ಅದೇ ಉಪಚಾರ. ಕಾರು ವೃತ್ತಿ ಚಾಲಕಿ ಜೆಸಿಂತಾಳ ಕೈಗೆ ಹೋಗುವ ಹೊತ್ತಿಗೆ ನನ್ನ ಹತ್ತಿರ ಚೂರುಪಾರು ಗೆರೆಗಳಿದ್ದವು. ಯಾವುದೂ ಕೆಲಸಕ್ಕೆ ಬರುವಂಥದ್ದಲ್ಲ.

ಗ್ಯಾರೇಜಿಗೆ ಹೋದವಳೇ ಅಪ್ಪನ ಮೇಲೆ ಹರಿಹಾಯ್ದೆ. "ಏನಪ್ಪಾ ನೀ ಮಾಡಿದ್ದು? ಯಾಕ ದಾರಿ ಬಿಟ್ಟಿ?"

ಅಪ್ಪ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೆಣಗುತ್ತಿದ್ದ, ಬೆರಳು ಮತ್ತೆ ಕುಣಿಯುತ್ತಿದ್ದವು. "ಬೀಗರು ಹಿಂದ ಬಂದು ನಿಂತಾಗ ದಾರಿ ಬಿಡಲಿಲ್ಲಂದ್ರ ಹೆಂಗವಾ? ಹೆಣ್ಣು ಕೊಟ್ಟೇವಿ. ಮಂದಿ ಏನಂದಾರು?"

"ನಿಂತಿರಲಿಲ್ಲಪ್ಪಾ! ಗಾಳಿಗಿಂತ ಜೋರ ಓಡಾಕತ್ತಿದ್ರು! ಅದು ರೇಸು!"

"ರೇಸು ಇವತ್ತ ಇರತೈತಿ, ನಾಳೆ ಹೋಗತೈತಿ. ಬೀಗತನ ಕಡೀತನಕ ಇರತೈತಿ," ಅಂದ. ಏನೋ ದೊಡ್ಡ ತತ್ವ ಹೇಳಿದವನಂತೆ ಮುಖ ಬೇರೆ ಮಾಡಿದ.

ಹೆಲ್ಮೆಟ್ ನಾನೇ ಬಿಚ್ಚಿಕೊಟ್ಟೆ, ಬಿಚ್ಚುವಾಗ ಸ್ವಲ್ಪ ಜೋರಾಗಿಯೇ ಎಳೆದೆ.

ಸಂಜೆ ಬೀಗರಿಗೆ ನಮ್ಮ ಹುಬ್ಬಳ್ಳಿಯ ಮನೆಯಲ್ಲೇ ಊಟ. ಸರ್ಕ್ಯೂಟಿನಿಂದ ಅವರು ಸೀದಾ ಗದಗಿಗೆ ಹೋಗಬಹುದಿತ್ತು, ಅದು ಹತ್ತಿರ ಕೂಡ. ಆದರೆ ಬೀಗರು ಈ ಕಡೆ ಬಂದು ಉಣ್ಣದೆ ಹೋದರೆ ಆಕಾಶ ಕಳಚಿ ಬೀಳುತ್ತದಲ್ಲ! ಅವ್ವ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಮಾಡಿದ್ದಳು. ನನ್ನ ಗಂಡ ಪ್ರಭು ಮತ್ತು ಮಾವ ತಾಟಿನ ಮುಂದೆ ಕೂತರು.

"ಬೀಗರು ಕೂಡಂಗಿಲ್ಲೇನ್ರೀ?" ಮಾವ ಕೇಳಿದರು.

"ಅವ್ರದು ಇವತ್ತ ಒಪ್ಪತ್ತು," ಅವ್ವ ನೆಲ ನೋಡುತ್ತ ಹೇಳಿದಳು. ಈ ಸುಳ್ಳಿಗೆ ಎರಡು ವರ್ಷ ವಯಸ್ಸು. ಒಮ್ಮೆ ಒಪ್ಪತ್ತು, ಒಮ್ಮೆ ಹಲ್ಲುನೋವು, ಒಮ್ಮೆ 'ಈಗಷ್ಟೇ ಉಂಡಾರ'.

ಅಷ್ಟರಲ್ಲಿ ಮುಚ್ಚಿದ ಅಡುಗೆಮನೆಯ ಬಾಗಿಲಿನ ಹಿಂದಿನಿಂದ ಸಪ್ಪಳ ಬಂತು. ಸ್ಟೀಲಿನ ಚಮಚೆ ತಾಟಿಗೆ ಬಡಿಯುವ ಸಪ್ಪಳ, ಟಕಟಕಟಕ ಎಂದು, ನಿಂತು, ಮತ್ತೆ ಟಕಟಕ. ಎಲ್ಲರಿಗೂ ಕೇಳಿಸಿತು. ಪ್ರಭು ನೀರಿನ ತಂಬಿಗೆ ನೋಡಿದ. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಮ್ಮ ತಾಟನ್ನೇ ದಿಟ್ಟಿಸುತ್ತ ಕೂತರು. ನನಗೆ ಎದ್ದು ಹೋಗಿ ಆ ಬಾಗಿಲನ್ನು ಒದೆಯಬೇಕು ಅನ್ನಿಸಿತು.

ಊಟ ಮುಗಿದು ಮಾವ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ ಹೋಗಿ ಎದುರಿಗೆ ನಿಂತೆ. ಸೊಸೆ ಮಾವನ ಎದುರು ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲಬಾರದು, ಗೊತ್ತು. ನಿಂತೆ.

"ಮಾವಾರ, ಇವತ್ತ ನೀವು ಯಾಕ ಮುಂದ ಹೋಗಲಿಲ್ಲ?"

"ಹೆಣ್ಣು ಕೊಟ್ಟ ಮನಿಯವ್ರವಾ. ಅವ್ರನ್ನ ಹಿಂದ ಹಾಕಿ ನಾ ಎಲ್ಲಿಗೆ ಹೋಗ್ಲಿ?" ಅಂದರು. ಆಮೇಲೆ ಸುಣ್ಣದ ಡಬ್ಬಿ ಮುಚ್ಚಿ, ತಗ್ಗಿದ ದನಿಯಲ್ಲಿ, "ಅದೂ ಅಲ್ಲದ ನಿಮ್ಮಪ್ಪಗ ನನ್ನ ಮ್ಯಾಲ ಏನೋ ಸಿಟ್ಟೈತಿ. ಎರಡು ವರ್ಷ ಆತು, ನನ್ನ ಸಂಗಾಟ ಒಂದ ತುತ್ತು ಉಂಡಿಲ್ಲ. ಒಪ್ಪತ್ತಂತ, ಹಲ್ಲುನೋವಂತ. ನಾ ಏನ್ ಸಣ್ಣ ಹುಡುಗನವಾ?" ಅಂದರು.

ಈ ಮನುಷ್ಯನಿಗೆ ರೋಗದ ವಿಷಯವೇ ಗೊತ್ತಿಲ್ಲ! ಬೀಗರಿಗೆ ತಿಳಿದರೆ ಮರ್ಯಾದೆ ಹೋಗುತ್ತದೆಂದು ಅಪ್ಪ ಪ್ರಭುವಿನ ಬಾಯಿಗೂ ಬೀಗ ಹಾಕಿಸಿದ್ದ. ಕಾರಿನ ಕಾವಲು ಯಂತ್ರ ನೋಡಿ ಮಾವ ವಯಸ್ಸಾಯಿತೆಂದು ಹಾಕಿಸಿದ್ದಾರೆ ಅಂದುಕೊಂಡಿದ್ದರು. ನಾನು ಎಲ್ಲ ಹೇಳಿದೆ. ಕೈ, ಚಮಚೆ, ಬಾಗಿಲು, ಪಟ್ಟಿ, ನಾಳೆ ಕೊನೆಯ ರೇಸು. ಮಾವನ ಬಾಯಿಯ ಎಲೆ ಹಾಗೇ ಉಳಿಯಿತು, ಕಣ್ಣು ತುಂಬಿ ಬಂದವು.

"ಈಗ ನಾ ಏನ್ ಮಾಡ್ಲಿ ಹೇಳು ಯವ್ವಾ."

"ನಾಳೆ ಅಪ್ಪ ನಿಮಗ ದಾರಿ ಬಿಡಬಾರದು. ಅವ್ನ ಮೈ ಉರಿಯೂ ಹಂಗ ಏನರೇ ಅನ್ರಿ. ಸಿಟ್ಟು ಬಂತಂದ್ರ ಆ ಕೈ ನಡುಗೂದಿಲ್ಲ."

"ಬೀಗರಿಗೆ? ನಾನು?" ಕೊಲೆ ಮಾಡು ಅಂದೆನೇನೋ ಎಂಬಂತೆ ಹಿಂದೆ ಸರಿದರು. ಬಾಯಿಯ ಎಲೆ ಉಗುಳಿ ಬಂದು, "ಒಂದ ಮಾತೈತಿ. ಹೊಟ್ಟ್ಯಾಗ ಇಟ್ಕೊಂಡು ಭಾಳ ವರ್ಷ ಆತು. ಆಡಿದ್ರ ಮಾತ್ರ ಮುಂದ ನಿಮ್ಮಪ್ಪ ನನ್ನ ಮಾರಿ ನೋಡಂಗಿಲ್ಲ. ಸಂಬಂಧ ಹರೀತೈತಿ," ಅಂದರು.

"ಕೈ ಉಳೀತೈತಿ," ಅಂದೆ.

ಭಾನುವಾರ ಮೊದಲರ್ಧ ವೃತ್ತಿ ಚಾಲಕರದು. ಹವ್ಯಾಸಿಗಳು ಹೆಲ್ಮೆಟ್ ಹಾಕಿಕೊಂಡು ಕಾರು ನಿಲ್ಲಿಸಿ ಚಾಲಕರು ಬದಲಾಗುವ ಪಿಟ್ಟಿನ ಗೋಡೆಯ ಹತ್ತಿರ ಸ್ಟೂಲಿನ ಮೇಲೆ ಕಾಯುತ್ತಿದ್ದರು. ಅಪ್ಪನ ಹೆಲ್ಮೆಟ್ಟಿನ ಮೈಕು ನನ್ನ ಕಿವಿಗೆ ಜೋಡಿಸಿತ್ತು, ಅದೂ ಷರತ್ತಿನ ಪ್ರಕಾರ. ಮಾವ ತಮ್ಮ ಸ್ಟೂಲು ಎಳೆದುಕೊಂಡು ಬಂದು ಅಪ್ಪನ ಪಕ್ಕ ಕೂತದ್ದು ಕ್ಯಾಮೆರಾದಲ್ಲಿ ಕಂಡಿತು.

"ಬೀಗರ, ಒಂದ ಮಾತು ಹೇಳೂದೈತಿ."

"ಹೇಳ್ರಿ ಬೀಗರ, ಅದಕ್ಕೇನಂತ."

"ನಿಮ್ಮನಿ ಮದುವ್ಯಾಗ ಹೋಳಿಗಿ ಕಮ್ಮಿ ಬಿದ್ವು."

ಕೈಗವಸು ಹಾಕಿಕೊಳ್ಳುತ್ತಿದ್ದ ಅಪ್ಪ ತಲೆ ಎತ್ತಿದ.

"ಕಡೀ ಪಂಕ್ತಿಗೆ ಕುಂತ ನಮ್ಮ ಮಂದಿಗೆ ಒಂದೂ ಬೀಳಲಿಲ್ಲ. ನಮ್ಮ ದೊಡ್ಡಪ್ಪ ಎಂಬತ್ತು ವರ್ಷದ ಮುದುಕ, ಬರೇ ಅನ್ನಾ ಸಾರು ಉಂಡು ಎದ್ದ. ಎಂಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾ. ಇವತ್ತ ಹೇಳಾಕತ್ತೇನಿ." ಮಾವ ಸ್ಟೂಲಿನಿಂದ ಎದ್ದು ನಿಂತರು. "ಬೀಗರಿಗೆ ಹೊಟ್ಟಿ ತುಂಬ ಉಣಸಲಾರದ ಮನಿ ನಿಮ್ದು."

ಹೇಳಿಸಿದವಳು ನಾನೇ. ಆದರೂ ನನ್ನ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಮಾವನಿಗೆ ನಾಲ್ಕು ಮಾತು ಕೇಳಿಬಿಡಬೇಕು ಅನ್ನಿಸಿ, ಅರ್ಧ ಎದ್ದು, ಮತ್ತೆ ಕೂತೆ.

ಜೆಸಿಂತಾ ಕಾರು ತಂದು ನಿಲ್ಲಿಸಿ ಹೊರಗೆ ಜಿಗಿದಳು. ಅಪ್ಪ ಒಳಗೆ ಕೂತ. ಬೆಲ್ಟ್ ಕಟ್ಟಲು ಬಂದ ಮೆಕ್ಯಾನಿಕ್‌ನ ಕೈ ಸರಿಸಿ ತಾನೇ ಕಟ್ಟಿಕೊಂಡ. ಕಾರು ಇನ್ನೂ ಪಿಟ್ಟಿನಿಂದ ಹೊರಗೇ ಹೋಗಿರಲಿಲ್ಲ, ನನ್ನ ಪರದೆಯ ಗೆರೆ ಆಗಲೇ ನೆಟ್ಟಗೆ ನಿಂತಿತ್ತು.

ಅಬ್ಬಾ, ಆಮೇಲೆ ಏನು ಓಡಿದರು ಅಂತೀರಿ! ಮಾವನ ಕಾರು ಮುಂದಿತ್ತು. ಕೆರೆಯ ತಿರುವಿನಲ್ಲಿ ಅಪ್ಪ ಒಳಗಿನಿಂದ ನುಗ್ಗಿ ದಾಟಿದ. ನೇರ ರಸ್ತೆಯಲ್ಲಿ ಮಾವ ಮತ್ತೆ ದಾಟಿದರು. ಅವರೂ ಸುಮ್ಮನೆ ಬಿಡಲಿಲ್ಲ, ಮಾತು ಆಡಿದ ಮೇಲೆ ಅವರಿಗೂ ಎಂಟು ವರ್ಷದ್ದು ಹೊರಗೆ ಬಂದಿತ್ತೋ ಏನೋ. ಅಪ್ಪನ ಕಾರಿನ ಮೂತಿ ಅವರ ಹಿಂಬದಿಗೆ ಅಂಟಿಕೊಂಡೇ ಇತ್ತು. ಒಮ್ಮೆ ಎರಡೂ ಕಾರು ಮೈಗೆ ಮೈ ತಾಗಿ, ಅರಿಸಿನ ಕಾರಿನ ಕನ್ನಡಿ ಹಾರಿ ಎರೆಮಣ್ಣಿಗೆ ಬಿತ್ತು. ಕುಶಾಲಪ್ಪ ಕುರ್ಚಿಯಿಂದ ಎದ್ದರು.

"ನಿನ್ನೆ ಇವರಿಬ್ರನ್ನ ಓಡ್ಸೋಕೆ ಬಾವುಟ ತೋರ್ಸಿದೆ. ಇವತ್ತು ನಿಲ್ಸೋಕೆ ತೋರ್ಸ್ಬೇಕೇನ್ರೀ? ಆ ಗುಂಡಿ ಒತ್ತಿ ಮೇಡಂ!"

ಗುಂಡಿ ಒತ್ತಿದರೆ ಕಾವಲು ಯಂತ್ರ ಕಾರನ್ನು ಹಿಡಿಯುತ್ತದೆ, ಅಪ್ಪನ ಕೈ ಅಲ್ಲಿಗೆ ಮುಗಿಯುತ್ತದೆ. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಕಣ್ಣು ಗೆರೆಯ ಮೇಲೆ. ಕಾರು ತಾಗಿದಾಗಲೂ ಆ ಗೆರೆ ಕದಲಿರಲಿಲ್ಲ. "ಗೆರೆ ನೋಡಿ ಸಾರ್. ಕೈ ತಪ್ಪಿಲ್ಲ. ಬೇಕಂತಲೇ ತಾಗಿಸಿದ್ದು," ಅಂದೆ. ಕುಶಾಲಪ್ಪ ಗೆರೆ ನೋಡಿದರು, ನನ್ನ ಮುಖ ನೋಡಿದರು, ದಂಡದ ಚೀಟಿ ಆಮೇಲೆ ಬರೆಯುತ್ತೇನೆ ಎಂದು ಗೊಣಗಿ ಕೂತರು.

ಕೊನೆಯ ಸುತ್ತು, ಕೊನೆಯ ತಿರುವು. ಮಾವ ಒಳಗಿನ ದಾರಿ ಮುಚ್ಚಿಕೊಂಡು ಬಂದರು. ಅಪ್ಪ ಹೊರಗಿನಿಂದ ಹೋಗುವವನಂತೆ ಮೂತಿ ತೋರಿಸಿದ. ಮಾವ ಅತ್ತ ಸರಿದರು. ಅಷ್ಟೇ ಸಾಕಾಯಿತು, ಅಪ್ಪ ಕಣ್ಣು ಪಿಳುಕಿಸುವಷ್ಟರಲ್ಲಿ ಒಳಕ್ಕೆ ತಿರುಗಿ, ಗೋಡೆಗೂ ಅರಿಸಿನ ಕಾರಿಗೂ ನಡುವೆ ನುಸುಳಿ ಮುಂದೆ ಹೋದ. ಇಷ್ಟೆಲ್ಲ ಹೊಡೆದಾಟ ಹನ್ನೊಂದನೆಯ ಸ್ಥಾನಕ್ಕೆ, ಹೇಳಿಕೊಂಡರೆ ನಗುತ್ತಾರೆ. ನನ್ನ ಹತ್ತಿರ ಮಾತ್ರ ಉದ್ದಕ್ಕೂ ಎಡೆಬಿಡದ ನೆಟ್ಟನೆಯ ಗೆರೆಯೊಂದು ಇತ್ತು. ನಾನು ಪರದೆಗೆ ಕೈ ಮುಗಿದೆ.

ಕಾರಿನಿಂದ ಇಳಿದ ಮಾವ ನಗುತ್ತ ಕೈ ಎತ್ತಿದರು. ಅಪ್ಪ ಆ ಕಡೆ ತಿರುಗಿಯೂ ನೋಡದೆ, ಹೆಲ್ಮೆಟ್ ತೆಗೆಯದೆ, ಸೀದಾ ಗೇಟಿನ ಕಡೆ ನಡೆದ. ಮಾವನ ಎತ್ತಿದ ಕೈ ಮೆಲ್ಲಗೆ ಇಳಿಯಿತು.

ಅಲ್ಲಿಂದ ಮುಂದೆ ನನ್ನ ಗೋಳು ಕೇಳಬೇಡಿ. ಹಗಲು ಪ್ರಯೋಗಾಲಯದಲ್ಲಿ ಆ ಗೆರೆಯನ್ನು ಪಟ್ಟಿಗೆ ಕಲಿಸುವುದು, ಸಂಜೆ ಎರಡು ಮನೆಗಳ ನಡುವೆ ಹೊಯ್ದಾಡುವುದು. ಮಾವ ಫೋನು ಮಾಡಿದರೆ ಅಪ್ಪ ಎತ್ತುವುದಿಲ್ಲ. ಅಪ್ಪ ಎತ್ತುವುದಿಲ್ಲವೆಂದು ಮಾವ ಊಟ ಬಿಟ್ಟು ಕೂರುತ್ತಾರೆ. "ನೀನ ಹಚ್ಚಿದ ಬೆಂಕಿ," ಎಂದು ಪ್ರಭು. "ನಿಮ್ಮ ಮಾವ ಹಂಗ ಅನಬಾರದಿತ್ತು," ಎಂದು ಅವ್ವ. ಸರಿ, ಎಲ್ಲರದೂ ಸರಿ, ನಾನೊಬ್ಬಳೇ ಪಾಪಿ!

ಪಟ್ಟಿ ಸಿದ್ಧವಾದ ದಿನ ಮನೆಗೆ ತಂದು ಅಪ್ಪನ ಮುಂಗೈಗೆ ಕಟ್ಟಿದೆ. ಅವ್ವ ಚಹಾ ತುಂಬಿದ ಕಪ್ಪು ತಂದಿಟ್ಟಳು. ಅಪ್ಪ ಕಪ್ಪಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಆಮೇಲೆ ಎತ್ತಿದ. ಒಂದು ಹನಿ ತುಳುಕಲಿಲ್ಲ. ಕುಡಿದು, ಖಾಲಿ ಕಪ್ಪನ್ನು ಸದ್ದಾಗದಂತೆ ಬಸಿಯ ಮೇಲಿಟ್ಟ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

"ಅಪ್ಪಾ, ಆ ಮಾತು ನಾನ ಆಡಿಸಿದ್ದು," ಅಂದೆ. ಇನ್ನು ತಡೆಯಲಾಗಲಿಲ್ಲ.

"ಗೊತ್ತೈತಿ ಬಿಡು. ಅಂದಾನೆಪ್ಪ ಬೀಗರ ಬಾಯಾಗ ತಾನಾಗೇ ಅಂಥಾ ಮಾತು ಬರೂದಿಲ್ಲ."

"ಮತ್ತ ಫೋನ್ ಯಾಕ ಎತ್ತಲಿಲ್ಲ? ಸುಳ್ಳ ಹೇಳಿದ್ರಂತ ಸಿಟ್ಟೇನು?"

ಅಪ್ಪ ತನ್ನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದ. "ಸುಳ್ಳಲ್ಲ. ಖರೇನ ಐತಿ. ಹೋಳಿಗಿ ಕಮ್ಮಿ ಬಿದ್ದದ್ದು ನನಗ ಅವತ್ತ ಗೊತ್ತಾಗಿತ್ತು. ಆ ಮುದುಕ ಅನ್ನಾ ಸಾರು ಉಂಡು ಎದ್ದದ್ದು ನಾ ಕಣ್ಣಾರೆ ನೋಡೇನಿ. ಬೀಗರಿಗೆ ಗೊತ್ತಾಗಿಲ್ಲ ಅನ್ಕೊಂಡಿದ್ದೆ. ಅದಕ್ಕ ಎಲ್ಲಾ ಕಡೆ ಅವ್ರಿಗೆ ದಾರಿ ಬಿಟ್ಕೋತ ಬಂದೆ."

ನಾನು ಗೋಡೆಗೆ ಒರಗಿದೆ. ಇವನಿಗೂ ಗೊತ್ತು, ಅವರಿಗೂ ಗೊತ್ತು. ಎಂಟು ವರ್ಷ ಇಬ್ಬರೂ ಮರ್ಯಾದೆ ಎಂದು ಬಾಯಿ ಮುಚ್ಚಿಕೊಂಡು, ಒಬ್ಬರಿಗೊಬ್ಬರು ದೀಪ ಮಿನುಗಿಸುತ್ತ, ನನ್ನ ಶನಿವಾರವನ್ನು ಹಾಳು ಮಾಡಿದರು. ಇಂಥವರ ಮಿದುಳನ್ನು ಓದುವ ಯಂತ್ರ ಯಾವ ಪ್ರಯೋಗಾಲಯದಲ್ಲಿ ತಯಾರಾಗಬೇಕೋ!

"ಈಗೇನು ಮಾಡೂದಪ್ಪಾ?"

"ಬರೇ ಕೈಲೆ ಫೋನ್ ಎತ್ತಿ ಏನ್ ಮಾತಾಡ್ಲಿ? ಕರಿ ಅವ್ರನ್ನ. ಹೋಳಿಗಿ ಮಾಡ್ರಿ. ಬಡಸೂದು ನಾ."

ಬೀಗರು ಬಂದರು. ಅವ್ವ ಕೇರಿಗೆಲ್ಲ ಆಗುವಷ್ಟು ಹೋಳಿಗೆ ಬೇಯಿಸಿದ್ದಳು. ಮಾವ ತಾಟಿನ ಮುಂದೆ ಅಪರಾಧಿಯಂತೆ ತಲೆ ತಗ್ಗಿಸಿ ಕೂತರು. ಅಪ್ಪ ಒಳಗಿನಿಂದ ಬುಟ್ಟಿ ಹಿಡಿದು ಬಂದ. ಒಂದು ಹೋಳಿಗೆ ಹಾಕಿದ. ಮೇಲೆ ತುಪ್ಪ ಹಾಕಿದ, ತುಪ್ಪದ ಧಾರೆ ನೆಟ್ಟಗೆ ಇಳಿಯಿತು. ಮಾವ ಆ ಧಾರೆಯನ್ನೇ ನೋಡುತ್ತಿದ್ದರು. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಮಾವ, "ಸಾಕ್ರೀ ಬೀಗರ, ಸಾಕು," ಎಂದು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರು.

ಬಡಿಸುವವರು ಇಲ್ಲಿ ಸ್ವಲ್ಪ ಒತ್ತಾಯ ಮಾಡಿ ನಿಲ್ಲಿಸುವುದು ಪದ್ಧತಿ. ಅಪ್ಪನ ಕೈ ನಿಲ್ಲಲಿಲ್ಲ. ಹೋಳಿಗೆ ಹಿಡಿದ ಕೈ ತಾಟಿನ ಹೊರ ಅಂಚಿನ ಕಡೆ ಹೋಯಿತು. ಮಾವನ ಕೈಗಳು ಅದನ್ನು ತಡೆಯಲು ಅತ್ತ ಸರಿದವು. ಅಪ್ಪನ ಕೈ ಥಟ್ಟನೆ ಒಳಕ್ಕೆ ತಿರುಗಿ, ಮಾವನ ಹೊಟ್ಟೆಗೂ ತಾಟಿಗೂ ನಡುವೆ ನುಸುಳಿ, ಹೋಳಿಗೆಯನ್ನು ತಾಟಿಗೆ ಹಾಕಿ ಹೊರಗೆ ಬಂತು.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅಪ್ಪ, ತನ್ನ ಕೈಯನ್ನು ಬೇರೆಯವರದೋ ಎಂಬಂತೆ ನೋಡುತ್ತಿದ್ದ. ನನಗೆ ಅರ್ಥವಾಯಿತು. ಶನಿವಾರದ ಕೈ ಹಾಳಾಗಿತ್ತು, ಪಟ್ಟಿಗೆ ಗೊತ್ತಿದ್ದದ್ದು ಭಾನುವಾರದ ಕೈ ಒಂದೇ. ಅದಕ್ಕೆ ದಾರಿ ಬಿಡುವುದು ಗೊತ್ತೇ ಇರಲಿಲ್ಲ.

"ಕಡೀ ತಿರುವು!" ಮಾವ ಕೂಗಿದರು. "ಅದ ನೋಡ್ರಿ, ಕಡೀ ತಿರುವಿನ್ಯಾಗ ನನ್ನ ಹಿಂದ ಹಾಕಿದ್ದು ಹಿಂಗ!" ಎಂದು ತೊಡೆ ತಟ್ಟಿಕೊಂಡು ನಗತೊಡಗಿದರು. ಅಪ್ಪನಿಗೂ ನಗು ಬಂತು. ಎರಡು ವರ್ಷದ ಮೇಲೆ ಅವನು ಹಾಗೆ ನಕ್ಕದ್ದು.

"ಪಟ್ಟಿ ಕೊಡಪ್ಪಾ, ಸರಿ ಮಾಡಿ ತರ್ತೀನಿ," ಅಂದೆ.

"ಏನೂ ಬ್ಯಾಡ!" ಬೀಗರಿಬ್ಬರೂ ಒಟ್ಟಿಗೇ ಹೇಳಿದರು.

ಅವ್ವ ಇನ್ನೊಂದು ತಾಟು ತಂದು ಮಾವನ ಪಕ್ಕ ಇಟ್ಟಳು. ಅಪ್ಪ ಒಮ್ಮೆ ಅಡುಗೆಮನೆಯ ಬಾಗಿಲಿನ ಕಡೆ ನೋಡಿ, ಅಲ್ಲೇ ಕೂತ. ತಾಟಿಗೆ ಹೋಳಿಗೆ ಬಿತ್ತು. ಈಗಲಾದರೂ ಉಣ್ಣುತ್ತಾರೆ ಅಂದುಕೊಂಡರೆ, ಶುರುವಾಯಿತಲ್ಲ ಮತ್ತೆ!

"ತಗೋರಿ ಬೀಗರ, ನೀವ ಮೊದ್ಲ," ಮಾವ ಅಂದರು.

"ಛೇ ಛೇ, ನೀವ ಮೊದ್ಲ ತಗೋರಿ ಬೀಗರ."

"ಇಲ್ರೀ, ನೀವ ಹಿರ್ಯಾರು."

"ಯಪ್ಪಾ, ಯಾರರೇ ಒಬ್ರು ತಿನ್ರಪೋ! ಆರಿ ಹೊಂಟಾವು!" ಎಂದು ನಾನು ಕಿರುಚಿದೆ.

ಅಪ್ಪ ಬೀಗರ ಮುಖ ನೋಡಿದ. ಆಮೇಲೆ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಎಲ್ಲರ ಎದುರಿಗೆ ಮೊದಲ ತುತ್ತನ್ನು ತಾನೇ ಬಾಯಿಗಿಟ್ಟುಕೊಂಡ.